ನದಿ ಕಡೆಯ ಮೊಗ್ಗು

ಓರೊನೊ, ಹಾಸ್ಟೆಲ್
ಏಪ್ರಿಲ್ ೨೭

ಪ್ರೀತಿಯ ಅಮ್ಮ,

ಊಟ ಸರಿಯಾಗಿ ಮಾಡುತ್ತಿದ್ದೇನೆ. ನಿದ್ದೆಯೂ ಬರುತ್ತಿದೆ. ಎರಡನೆಯದು ಸುಳ್ಳು, ಬಾಟನಿ ಟೆಸ್ಟ್ ಹತ್ತಿರ ಬಂದಿದೆ.

ಭಾನುವಾರ ಫೋನಿನಲ್ಲಿ ನೀನು, "ಗಾಳೀನೇ ಇರ್ಲಿಲ್ಲ ಕಣೇ, ಒಣಹುಲ್ಲು ಹರಡಿ ನದಿ ಕಡೆ ಬ್ಲೂಬೆರಿ ಹೊಲ ಪೂರ್ತಿ ಸುಟ್ಟೆ. ಕಾಡಿಗೆ ಥರ ಕಪ್ಪಾಗಿದೆ" ಅಂದೆ. ನಾನು "ಸೂಪರ್" ಅಂದೆ. ಹಾಸ್ಟೆಲಿನ ಫೋನಿಗೆ ನನ್ನ ಹಿಂದೆ ಕ್ಯೂ ಇತ್ತು. ಫೋನ್ ಇಟ್ಟ ಮೇಲೆ ಕಾರಿಡಾರಿನಲ್ಲೇ ಕುಳಿತುಬಿಟ್ಟೆ.

ನದಿ ಕಡೆಯದನ್ನು ಹೋದ ಏಪ್ರಿಲ್‌ನಲ್ಲೇ ಸುಟ್ಟಿದ್ದೆವಲ್ಲ ಅಮ್ಮ? ನಾನು ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು ಬೆಂಕಿಯ ಅಂಚಿನಲ್ಲಿ ನಿಂತಿದ್ದೆ. ನನ್ನ ಹುಬ್ಬು ಸುಟ್ಟು ಹೋದದ್ದಕ್ಕೆ ನೀನು ವಾರವೆಲ್ಲ ನಕ್ಕೆ. ಸುಟ್ಟ ವರ್ಷ ಬರೀ ಚಿಗುರು, ಮರುವರ್ಷ ಹಣ್ಣು. ಈ ಆಗಸ್ಟಿಗೆ ಅದೇ ಕಡೆ ನೀಲಿಯಾಗಬೇಕಿತ್ತು. ಹೋದ ವರ್ಷ ಕೊಯ್ದು ಮುಗಿಸಿದ್ದ ರಸ್ತೆ ಕಡೆಯದಕ್ಕೆ ಈ ಸಲ ಬೆಂಕಿ ಕೊಡಬೇಕಿತ್ತು.

ಕಡ್ಡಿಯ ತುದಿಯ ಮೊಗ್ಗನ್ನು ಬೆರಳಲ್ಲಿ ಒತ್ತಿ ನೋಡು, ದಪ್ಪಗಿದ್ದರೆ ಹಣ್ಣು, ಸಣ್ಣಗಿದ್ದರೆ ಎಲೆ ಎಂದು ಕಲಿಸಿದ್ದು ನೀನೇ. ಒತ್ತಿ ನೋಡಲಿಲ್ಲವಾ?

ಎಲ್ವುಡ್ ಅಂಕಲ್ ಕೂಡ ಫೋನ್ ಮಾಡಿದ್ದರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ, ಪಕ್ಕದ ಜಮೀನಿನವರಿಗೆ ಹೊಗೆ ಕಾಣದೇ ಇರುತ್ತದೆಯೇ? "ಮೊಗ್ಗು ತುಂಬಿದ್ದ ಕಡೇನ ಸುಟ್ಟಿದ್ದೀಯಲ್ಲೇ ಅಂತ ಕೇಳಿದ್ರೆ ನಿಮ್ಮಮ್ಮ ನನಗೇ ಬೈತಾಳೆ, ಕಣ್ಣು ತೋರಿಸ್ಕೋ ಮುದ್ಕ ಅಂತಾಳೆ" ಅಂದರು. ನಕ್ಕರು. ಆಮೇಲೆ ಅವರ ನಗು ನಿಂತುಹೋಯಿತು.

ಈ ಆಗಸ್ಟಿನಲ್ಲಿ ರಸ್ತೆ ಪಕ್ಕ ನಮ್ಮ ಟೇಬಲ್ ಇರುವುದಿಲ್ಲ. ಕಾರು ನಿಲ್ಲಿಸಿ "ಇಷ್ಟು ಚಿಕ್ಕ ಹಣ್ಣಾ?" ಎಂದು ಮೂಗು ಮುರಿಯುವವರಿಗೆ, "ದೊಡ್ಡದು ಬೇಕಿದ್ರೆ ಸೂಪರ್‌ಮಾರ್ಕೆಟ್ಟಿಗೆ ಹೋಗ್ರಿ, ಅಲ್ಲಿ ನೀಲಿ ಸಿಪ್ಪೇಲಿ ನೀರು ಮಾರ್ತಾರೆ" ಎನ್ನಲು ನೀನು ಅಲ್ಲಿರುವುದಿಲ್ಲ. ಹಣ್ಣು ಹೋದರೆ ಹೋಗಲಿ, ಬೇರು ಒಳಗಿದೆ, ಮತ್ತೆ ಬರುತ್ತದೆ. ನಮ್ಮಲ್ಲಿ ಅದು ಯಾರೂ ನೆಟ್ಟದ್ದಲ್ಲ, ತಾನಾಗಿ ಚಿಗುರುವ ಕಾಡುಗಿಡ. ನೀನು ಹಾಗಲ್ಲವಲ್ಲ ಅಮ್ಮ.

ಗುರುವಾರ ಅಂಕಲ್ ಟ್ರಕ್ ತರುತ್ತಾರೆ, ಡಾಕ್ಟರ್ ಹತ್ತಿರ ಹೋಗಿ ಬಾ. ಸುಮ್ಮನೆ ಚೆಕಪ್, ಅಷ್ಟೇ. ನನಗಾಗಿ ಹೋಗು. ಟೆಸ್ಟ್ ಮುಗಿದ ದಿನವೇ ಬಸ್ ಹಿಡಿಯುತ್ತೇನೆ.

ನಿನ್ನ,
ಮಾರ್ನಿ

ತಾ.ಕ.: ಡಾಕ್ಟರ್ ಪ್ರಶ್ನೆ ಕೇಳುತ್ತಾರಂತೆ. ಉತ್ತರ ಇಲ್ಲೇ ಬರೆದಿದ್ದೇನೆ, ಇಷ್ಟನ್ನು ಹರಿದು ಕೈಯಲ್ಲಿ ಮಡಚಿಟ್ಟುಕೋ. ಈಗ ವಸಂತ ಕಾಲ. ಅಪ್ಪ ತೀರಿಹೋಗಿದ್ದಾರೆ. ನಿನ್ನ ತಂಗಿ ಐರಿಸ್ ಕೂಡ. ಭಾನುವಾರ ಫೋನಿನಲ್ಲಿ ನೀನು ಕೊನೆಯವರೆಗೂ ಐರಿಸ್ ಎಂದು ಕರೆದದ್ದು ನನ್ನನ್ನು. ನಾನು ನಿನ್ನ ಮಗಳು. ಹೆಸರು ಮಾರ್ನಿ. ನೋಡಿಕೊಂಡು ಹೇಳಿದರೂ ಪರವಾಗಿಲ್ಲ, ಅಮ್ಮ.