ದೋಹಾಕ್ಕೆ ಒಯ್ದ ಗಸಗಸೆ

ದೋಹಾ
30 ನವೆಂಬರ್ 2022

ಪ್ರೀತಿಯ ನಾಗಕ್ಕನಿಗೆ ಧನ ಮಾಡುವ ನಮಸ್ಕಾರ.

ತಲುಪಿದ ತಕ್ಷಣ ಫೋನ್ ಮಾಡ್ತೀನಿ ಅಂದವಳು ಸುಮ್ಮನಾಗಿಬಿಟ್ಟೆ. ಬೈಕೋಬೇಡ. ಫೋನಿನಲ್ಲಿ ಮಾತಾಡೋಣ ಅಂದ್ರೆ ಇವರು ಪಕ್ಕದಲ್ಲೇ ಇರ್ತಾರೆ, ಅದಕ್ಕೇ ಈ ಕಾಗದ. ಖಾದರ್ ಬಾಷಾ ಅನ್ನೋರು ನಾಳೆ ರಜೆಗೆ ಊರಿಗೆ ಹೊರಟಿದ್ದಾರೆ. ಬಾಗಲಗುಂಟೆಯ ನಿನ್ನ ಮನೆಗೆ ಅವರೇ ತಂದು ಕೊಡ್ತಾರೆ. ಅವರು ಯಾರು ಅಂತ ಹೇಳ್ತೀನಿ.

ಇಡೀ ಊರು ಮದುವೆಮನೆ ಆಗಿದೆ ಅಕ್ಕ. ವಿಶ್ವಕಪ್ ನೋಡೋಕೆ ಬಂದವರು ಬಾವುಟ ಸುತ್ಕೊಂಡು ಮೆಟ್ರೋದಲ್ಲೇ ಡೋಲು ಬಡೀತಾರೆ. ಇವರಂತೂ ಯಲಹಂಕದ ಮನೆಯಿಂದಲೇ ಹಳದಿ ಜೆರ್ಸಿ ಹಾಕ್ಕೊಂಡು ಹೊರಟಿದ್ರು. ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಬೆಳೆದವರು, ಇದು ಎಷ್ಟು ವರ್ಷದ ಆಸೆ ಅಂತ ನಿನಗೇ ಗೊತ್ತು.

ಇಳಿದದ್ದು ಬೆಳಿಗ್ಗೆ, ಪಂದ್ಯ ಸಂಜೆಗೆ. ಏರ್‌ಪೋರ್ಟಿನಲ್ಲಿ ಅಧಿಕಾರಿ ಒಂದು ಬ್ಯಾಗು ಪಕ್ಕಕ್ಕೆ ಇಡಿಸಿ ಬಿಚ್ಚಿದ. ಒಳಗೆ ಗಸಗಸೆ ಪೊಟ್ಟಣ. ಇಲ್ಲೇ ಕೆಲಸದಲ್ಲಿರೋ ಮೈದುನ ಸಿದ್ದುಗೆ ಪಾಯಸ ಇಷ್ಟ ಅಂತ ನಮ್ಮತ್ತೆ ಕೊಟ್ಟು ಕಳಿಸಿದ್ದು. ಈ ದೇಶದಲ್ಲಿ ಅದು ಅಫೀಮಿನ ಲೆಕ್ಕವಂತೆ! ತರೋದೇ ಅಪರಾಧವಂತೆ!

ನನ್ನನ್ನ ಒಂದು ಕೋಣೇಲಿ ಕೂರಿಸಿದ್ರು. ಪಾಸ್‌ಪೋರ್ಟು, ಫೋನು ಎರಡೂ ಈಸ್ಕೊಂಡ್ರು. ಅವರವರೇ ಅರಬ್ಬಿಯಲ್ಲಿ ಮಾತಾಡ್ಕೊಳ್ತಿದ್ರು. ನಡುವೆ ಒಬ್ಬ ಇಂಗ್ಲಿಷಿನಲ್ಲಿ ‘ಜೈಲ್’ ಅಂದದ್ದು ಮಾತ್ರ ಕಿವಿಗೆ ಬಿತ್ತು. ನಿನ್ನ ಹತ್ರ ಬಿಟ್ಟು ಬಂದ ಸಂಯುಕ್ತಾಳ ಮುಖ ಕಣ್ಮುಂದೆ ಬಂದು, ನನ್ನ ಮಗೂನ ಮತ್ತೆ ಯಾವಾಗ ನೋಡ್ತೀನೋ ಅನ್ನಿಸ್ತು.

ಆಮೇಲೆ ಭಾಷೆ ಗೊತ್ತಿರೋರು ಬೇಕು ಅಂತ ಅಲ್ಲೇ ಕೆಲಸ ಮಾಡೋ ಒಬ್ಬರನ್ನ ಕರೆಸಿದ್ರು.

“ಯಲಹಂಕದೋರಾ? ನಾನು ಆರ್.ಟಿ. ನಗರ ಕಣಮ್ಮ, ಖಾದರ್ ಬಾಷಾ. ಅಳ್ಬೇಡಿ, ನೀರು ಕುಡೀರಿ.”

ಕನ್ನಡ ಕೇಳಿದ್ದೇ ಅಳು ಇನ್ನೂ ಜೋರಾಯ್ತು.

“ಬ್ಯಾಗು ನಿಮ್ದೇನಾ ಅಂತ ಕೇಳ್ತಿದ್ದಾರೆ.”

“ಹೂಂ,” ಅಂದೆ.

ಗಸಗಸೆ ಹುರಿದು, ಕೊಬ್ಬರಿ ಜೊತೆ ರುಬ್ಬಿ, ಬೆಲ್ಲ ಹಾಕಿ ಕುದಿಸೋದನ್ನೆಲ್ಲ ಹೇಳಿದೆ. ಅವರು ಅದನ್ನ ಅರಬ್ಬಿಗೆ ತಿರುಗಿಸ್ತಾ ಹೋದ್ರು. ಕೊನೆಗೆ ಪೊಟ್ಟಣ ಇಟ್ಕೊಂಡು, ಸಹಿ ಹಾಕಿಸ್ಕೊಂಡು, ಪಾಸ್‌ಪೋರ್ಟು, ಫೋನು ವಾಪಸ್ ಕೊಟ್ಟು, ಇನ್ನೊಂದ್ಸಲ ತಂದ್ರೆ ಬಿಡೋದಿಲ್ಲ ಅಂತ ಹೆದರಿಸಿ ಕಳಿಸಿದ್ರು. ಅಷ್ಟರಲ್ಲಿ ಸಂಜೆಯಾಗಿತ್ತು.

ಹೊರಗೆ ಇವರಿರಲಿಲ್ಲ. ‘ಟಿಕೆಟ್ ವೇಸ್ಟ್ ಆಗತ್ತೆ, ಸ್ಟೇಡಿಯಂನಲ್ಲಿ ಇರ್ತೀನಿ’ ಅಂತ ಮೆಸೇಜಿತ್ತು. ಖಾದರ್ ಅವರೇ ಮೆಟ್ರೋ ಹತ್ತಿಸಿದ್ರು. ನಾನು ತಲುಪಿದಾಗ ಅರ್ಧ ಆಟ ಮುಗಿದಿತ್ತು. “ಬಿಟ್ರಾ? ಸದ್ಯ!” ಅಂದು ಇವರು ಮತ್ತೆ ಮೈದಾನದ ಕಡೆ ತಿರುಗಿದ್ರು. ಗೋಲ್ ಬಿದ್ದಾಗ ನನ್ನನ್ನ ತಬ್ಕೊಂಡು ಕುಣಿದ್ರು.

ಸಂಯುಕ್ತಾಳಿಗೆ ಇದೇನೂ ಹೇಳ್ಬೇಡ. ದಿನಾ ತಲೆ ಬಾಚಿ ಸ್ಕೂಲಿಗೆ ಕಳಿಸು, ನನ್ನ ಮುತ್ತು ಕೊಡು. ಭಾವನಿಗೆ ನಮಸ್ಕಾರ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಧನಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯೋಕೆ ಕೈ ಬರಲಿಲ್ಲ. ಆ ಬ್ಯಾಗು ಇವರದು. ಪೊಟ್ಟಣ ಇಟ್ಟವರೂ ಇವರೇ. ಅಧಿಕಾರಿ ‘ಯಾರದು’ ಅಂದಾಗ, ನನ್ನ ಮುಖ ಕೂಡ ನೋಡದೆ, “ನನ್ನ ಹೆಂಡ್ತೀದು, ನಂಗೇನೂ ಗೊತ್ತಿಲ್ಲ” ಅಂದ್ಬಿಟ್ರು. ನಾನು ಅಲ್ಲ ಅನ್ನಲಿಲ್ಲ. ನಿನ್ನೆ ಸಿದ್ದು ಮನೇಲಿ, “ನಮ್ಮೋಳು ಗಸಗಸೆ ತಂದು ಸಿಕ್ಕಾಕ್ಕೊಂಡ್ಲು” ಅಂತ ಎಲ್ಲರನ್ನೂ ನಗಿಸಿದ್ರು. ಹೇಳ್ತಾ ಹೇಳ್ತಾ ತಾವೂ ಅದನ್ನೇ ನಂಬಿಬಿಟ್ಟಿದ್ದಾರೆ. ಭಾನುವಾರ ಬರ್ತೀವಿ. ಏರ್‌ಪೋರ್ಟಿನಿಂದ ಸೀದಾ ನಿನ್ನ ಮನೆಗೇ ಬರ್ತೀನಿ ಅಕ್ಕ. ಒಬ್ಬಳೇ.