ಅಟ್ಟಣೆಯ ಕೂಗಿಗೆ ಎದ್ದ ಊರು

ಫ್ರಾನ್ಸ್, ಜನವರಿ 2006

ಅತ್ತೆಮ್ಮ, ನಿಮ್ಮ ಸೊಸೆ ಮಂಗಳಗೌರಿಯ ಶರಣು.

ನಾವು ಆರು ಜನ ರೈತರು ಇಲ್ಲಿಯ ಹೊಲಗದ್ದೆ ನೋಡುತ್ತ ವ್ಯಾನಿನಲ್ಲಿ ಸುತ್ತುತ್ತಿದ್ದೇವೆ. ಚಳಿಗಾಲ ನೋಡಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಮೊನ್ನೆ ಹಸಿದು ಒಂದು ಹಳ್ಳಿಯಲ್ಲಿ ಇಳಿದರೆ ಹೋಟೆಲಿಗೆ ಬೀಗ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. "ನಮ್ ದಿಂಬಂ ಘಾಟ್ನಲ್ಲಾದ್ರ ಯಾವಾಗ್ಲೂ ಟೀ ಸಿಕ್ತದ ಕಣಕ್ಕ" ಎಂದು ನಮ್ಮ ಜೊತೆ ಬಂದಿರುವ ಜೀರಹಳ್ಳಿಯ ಶಿವಮಲ್ಲು ಮುಖ ಸಣ್ಣಗೆ ಮಾಡಿಕೊಂಡ. ಅಷ್ಟರಲ್ಲಿ ಪಕ್ಕದ ಗೋಧಿ ಹೊಲಕ್ಕೆ ಕಾಡುಹಂದಿಗಳ ಹಿಂಡೇ ನುಗ್ಗಿತು! ಯಾವ ದೇಶದಲ್ಲಿದ್ದೇನೆ ಎಂಬುದೇ ನನಗೆ ಮರೆತುಹೋಯಿತು. ರಾಗಿ ಹೊಲದ ಅಟ್ಟಣೆ ಮೇಲಿಂದ ಹಂದಿ ಅಟ್ಟುವ ಹಾಗೆ "ಊ... ಓಹೋಯ್!" ಎಂದು ಕೂಗಿಬಿಟ್ಟೆ. ಹಂದಿಗಳು ದಿಕ್ಕಾಪಾಲು! ಊರಿನ ಕಿಟಕಿಗಳೆಲ್ಲ ಪಟಪಟನೆ ತೆರೆದವು! ಒಂದು ಅಜ್ಜಿ ಓಡಿಬಂದು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟೇಬಿಟ್ಟಿತು. ಹೊಲ ಆ ಅಜ್ಜಿಯದೇ ಅಂತೆ. ಎಲ್ಲರನ್ನೂ ಒಲೆ ಮುಂದೆ ಕೂರಿಸಿ ಬಿಸಿ ಹಾಲು, ರೊಟ್ಟಿ, ಬೆಣ್ಣೆ ಕೊಟ್ಟಿತು. ಆಮೇಲೆ ಊರವರೆಲ್ಲ ಸೇರಿ, ಆ ಕೂಗು ನಮಗೂ ಕಲಿಸು ಎಂದು ಕೈಸನ್ನೆ ಮಾಡುತ್ತ ಸಂಜೆವರೆಗೂ ನನ್ನನ್ನು ಬಿಡಲಿಲ್ಲ.

"ನಿನ್ ಗಂಟ್ಲು ಜೀರಳ್ಳಿಗಂಟ ಕೇಳ್ತದ, ವಸಿ ಸುಮ್ಕಿರವ್ವಿ" ಎನ್ನುತ್ತಿದ್ದಿರಲ್ಲ, ಈಗ ಆ ಗಂಟಲು ಪೂರ್ತಿ ಕಟ್ಟಿದೆ. ಜ್ವರ ಇಲ್ಲ, ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡಿ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದದಲ್ಲಿ ಜಾಗವೂ ಮುಗಿಯಿತು. ಎರಡು ದಿನದಿಂದ ನಿಮಗೆ ಬೇಕಾದಂಥ ಬಾಯಿಲ್ಲದ ಸೊಸೆಯಾಗಿದ್ದೇನೆ ಅತ್ತೆಮ್ಮ, ನೋಡುವುದಕ್ಕೆ ನೀವೇ ಇಲ್ಲ!