ನೀಲಿ ಆಮೆಯ ಅಮ್ಮನಿಗೆ ಹೇಳುವವರು ಯಾರು?

ಮಕ್ಕಳ ಅಂತರ್ಜಾಲ ಸುರಕ್ಷತಾ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ಹನ್ನೊಂದು ವರ್ಷದ ನನ್ನ ಮಗಳನ್ನು ಆನ್‌ಲೈನ್ ಆಟವೊಂದರಲ್ಲಿ ಬಲೆಗೆ ಕೆಡವಲು ನೋಡಿದ ಮನುಷ್ಯ ಇವತ್ತಿಗೂ ಅದೇ ಆಟದಲ್ಲಿ, ಅದೇ ಹೆಸರಿನಲ್ಲಿ ಆರಾಮವಾಗಿ ಓಡಾಡಿಕೊಂಡಿದ್ದಾನೆ. ಹೊರಗೆ ಹಾಕಿಸಿಕೊಂಡವಳು ನನ್ನ ಮಗಳು. ಇದು ಹೇಗೆ ಎಂದು ನಿಮ್ಮ ಕಚೇರಿಯನ್ನು ಕೇಳಿದ್ದಕ್ಕೆ ಅಂಚೆಯಲ್ಲಿ ಒಂದು ಕಿರುಪುಸ್ತಕ ಬಂತು. ಮುಖಪುಟದಲ್ಲಿ ಹಲ್ಲು ಬಿಟ್ಟು ನಗುವ ಬೀಗದ ಚಿತ್ರ, ಅದರ ಕೆಳಗೆ ‘ಪೋಷಕರೇ, ಎಚ್ಚರವಾಗಿರಿ!’ ಎಂಬ ಉಪದೇಶ. ನಾವು ಎಚ್ಚರವಾಗಿಯೇ ಇದ್ದೆವು, ಮಾನ್ಯರೇ. ನಿದ್ದೆ ಹೊಡೆಯುತ್ತಿದ್ದವರು ಯಾರು ಎಂಬುದು ನಾಲ್ಕು ಜನರ ಮುಂದೆಯೇ ಇತ್ಯರ್ಥವಾಗಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ನಮ್ಮಲ್ಲಿ ಜೋಡಿ ಕಟ್ಟುವ ಪದ್ಧತಿ ಇದೆ. ನೀರಿಗಿಳಿಯುವ ಪ್ರತಿ ಮಗುವಿಗೂ ಒಬ್ಬ ಜೊತೆಗಾರ ಇರಲೇಬೇಕು. ನಾನು ಸೀಟಿ ಊದಿದ ತಕ್ಷಣ ಎಲ್ಲರೂ ತಂತಮ್ಮ ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ಎಲ್ಲಾದರೂ ಒಂಟಿ ಕೈ ಕಂಡರೆ ನಾನು ಆಗಲೇ ನೀರಿಗೆ ಧುಮುಕಿರುತ್ತೇನೆ. ಏನೇ ಆಗಲಿ, ಜೋಡಿಯನ್ನು ಒಂಟಿಯಾಗಿ ಬಿಟ್ಟು ಬರಬಾರದು ಎಂಬ ಪಾಠವನ್ನು ನನ್ನ ಮಗಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಅವಳನ್ನು ಮನೆಯಲ್ಲಿ ಚಿಕ್ಕಿ ಎಂದು ಕರೆಯುತ್ತೇವೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಚಿಕ್ಕಿ ಆಡುತ್ತಿದ್ದದ್ದು ಹತ್ತಾರು ಜನ ಸೇರಿ ಊರು ಕಟ್ಟುವ ಆಟ. ಗುಂಡಿಲ್ಲ, ರಕ್ತವಿಲ್ಲ. ನಿಮ್ಮದೇ ಪ್ರಾಧಿಕಾರ ‘ಮಕ್ಕಳಿಗೆ ಸೂಕ್ತ’ ಎಂದು ಮುದ್ರೆ ಒತ್ತಿದ ಆಟ. ಅಲ್ಲಿ ‘ಕ್ಯಾಪ್ಟನ್’ ಎಂಬ ಹೆಸರಿನವನೊಬ್ಬ ಗಂಟುಬಿದ್ದ. ತನಗೆ ಹನ್ನೆರಡು ವರ್ಷ ಎಂದ. ಸೇತುವೆ ಕಟ್ಟುವುದು ಹೇಳಿಕೊಟ್ಟ, ಆಟದೊಳಗಿನ ಇವಳ ಗೊಂಬೆಗೆ ಹೊಸ ಟೋಪಿ ಕೊಡಿಸಿದ. ಇವಳು ಕೊಳದ ಜೋಡಿಯ ವಿಷಯ ಹೇಳಿದ್ದೇ ತಡ, ಹಾಗಾದರೆ ಇಲ್ಲಿ ನಾವಿಬ್ಬರೂ ಜೋಡಿ ಎಂದ. ಆಮೇಲೆ ಆಟದೊಳಗೇ ಇಬ್ಬರಿಗೆ ಮಾತ್ರ ಒಂದು ಗುಟ್ಟಿನ ಕೋಣೆ ಕಟ್ಟಿಸಿದ. ಅಲ್ಲಿ ಆಡುವ ಮಾತು ಬೇರೆ ಯಾರಿಗೂ ಕಾಣುವುದಿಲ್ಲವಂತೆ. ಆಟ ಮಾಡಿದವರು ಒದಗಿಸಿರುವ ಸೌಲಭ್ಯ ಅದು! ಅವನ ಮಾತಿನ ಧಾಟಿ ಬದಲಾದಾಗ ಚಿಕ್ಕಿಗೆ ಹೇಸಿಗೆಯಾಯಿತು, ಹೆದರಿಕೆಯೂ ಆಯಿತು. ಆದರೂ ಎದ್ದು ಬರಲಿಲ್ಲ. ಯಾಕೆ ಎಂದು ನಾನು ಆಮೇಲೆ ಕೇಳಿದೆ.

“ಜೋಡೀನ ಒಂಟಿ ಬಿಡಬಾರ್ದು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ ಅಮ್ಮಾ? ನೀನು ಹೋದ್ರೆ ನಾನು ಸತ್ತೇ ಹೋಗ್ತೀನಿ ಅಂದ ಅವ್ನು,” ಎಂದಳು.

ಮಗುವಿನ ದಡ್ಡತನವನ್ನೋ ಆಸೆಬುರುಕತನವನ್ನೋ ಹಿಡಿದುಕೊಂಡು ಆಡಿಸಿದ್ದರೆ ಬೇರೆ ಮಾತು. ಈ ಪಾಪಿ ಹಿಡಿದುಕೊಂಡದ್ದು ಅವಳ ಒಳ್ಳೆಯತನವನ್ನು. ಇದಕ್ಕೆ ನಿಮ್ಮ ಕಿರುಪುಸ್ತಕದ ಯಾವ ಪುಟದಲ್ಲಿ ಮದ್ದಿದೆ? ಒಳ್ಳೆಯವಳಾಗಬೇಡ ಎಂದು ಮಗಳಿಗೆ ಕಲಿಸಲೇ?

ಅವಳನ್ನು ಉಳಿಸಿದವರು ನನ್ನ ಅತ್ತೆ. ಅವತ್ತು ಮಧ್ಯಾಹ್ನ, ಬಾಗಿಲು ಹಾಕಿಕೊಂಡು ಒಂದು ಫೋಟೊ ತೆಗೆದು ಕಳಿಸು, ಮನೆಯಲ್ಲಿ ಹೇಳಬೇಡ ಎಂದಿದ್ದನಂತೆ. ಎಂಥ ಫೋಟೊ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಅತ್ತೆಗೆ ಆಟದ ಗಂಧಗಾಳಿ ಇಲ್ಲ. ಆದರೆ ಹಾಡುಹಗಲೇ ಮಗು ಬಾಗಿಲು ಹಾಕಿಕೊಂಡದ್ದು ಅವರಿಗೆ ಸರಿಬರಲಿಲ್ಲ. “ಯಾಕೇ ಕದ ಹಾಕ್ಕೊಂಡೆ? ಈ ಸೆಕೇಲಿ ಬೆಂದು ಹೋಗ್ತೀಯಾ,” ಎನ್ನುತ್ತ ತಳ್ಳಿಕೊಂಡು ಒಳಗೆ ಹೋದರು. ಅಜ್ಜಿಯ ಮುಖ ಕಂಡದ್ದೇ ಚಿಕ್ಕಿ ಗೊಳೋ ಎಂದು ಅತ್ತಳು. ಫೋಟೊ ಹೋಗಲಿಲ್ಲ.

ನಾವು ಸುಮ್ಮನೆ ಕೂರಲಿಲ್ಲ. ಆಟದೊಳಗಿನ ದೂರಿನ ಗುಂಡಿ ಒತ್ತಿದೆವು. ‘ನಿಮ್ಮ ಆಟದ ಅನುಭವ ನಮಗೆ ಅಮೂಲ್ಯ. ಯಾವುದೇ ನಿಯಮ ಉಲ್ಲಂಘನೆ ಕಂಡುಬಂದಿಲ್ಲ’ ಎಂದು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಠಾಣೆಗೆ ಹೋದೆವು. ಅಲ್ಲಿನವರು ಪಾಪ, ಕೂರಿಸಿ ಕೇಳಿದರು. ಪ್ರಾಧಿಕಾರ ಬರೆದು ಕೇಳದ ಹೊರತು ಆಟದ ಕಂಪನಿ ಯಾರ ವಿವರವನ್ನೂ ಕೊಡುವುದಿಲ್ಲ ಎಂದರು. ಕೊನೆಗೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು.

“ಫೋಟೊ ಹೋಗಿಲ್ಲ ಅಲ್ವಾ ಮೇಡಂ?”

“ಇಲ್ಲಮ್ಮ, ದೇವ್ರ ದಯೆ.”

“ಹಾಗಾದ್ರೆ ಘಟನೆ ನಡೆದಿಲ್ಲ ಅಂತಾಗುತ್ತೆ. ನಡೆದಿದ್ರೆ ಮಾತ್ರ ನಮ್ಮಲ್ಲಿ ದೂರು ತಗೋಳೋದು.”

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ನೀವು ಬರೆದುಕೊಟ್ಟದ್ದನ್ನು ಅವಳು ಓದಿದಳು. ಸಿಟ್ಟಿರುವುದು ಬರೆದುಕೊಟ್ಟವರ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಾವು ಮೂರ್ಖರನ್ನು ಹಂಗಿಸಲು ಬಳಸುತ್ತಿದ್ದೆವು. ಅದೇ ಒಂದು ಇಲಾಖೆಯ ಕಾರ್ಯವಿಧಾನವಾದೀತು ಎಂದು ಯಾರು ಕಂಡಿದ್ದರು?

ನಮ್ಮ ಕೊಳಕ್ಕೂ ಸರ್ಕಾರದ ತಪಾಸಣೆಯವರು ಬರುತ್ತಾರೆ. ಕಾವಲುಗಾರ ಕೂರುವ ಎತ್ತರದ ಕುರ್ಚಿ ಖಾಲಿ ಕಂಡರೆ ಅಷ್ಟೂ ಮಕ್ಕಳನ್ನು ಆಗಲೇ ನೀರಿನಿಂದ ಎಬ್ಬಿಸಬೇಕು. ಚಹಾ ಕುಡಿಯಲು ಹೋಗಿದ್ದಾನೆ ಎಂಬ ನೆವ ನಡೆಯುವುದಿಲ್ಲ, ನಡೆಯಲೂಬಾರದು. ‘ಮಗು ಮುಳುಗಿದ್ದರೆ ಮಾತ್ರ ದೂರು ಕೊಡಿ’ ಎಂದು ನಾನೊಂದು ಬೋರ್ಡು ತೂಗುಹಾಕಿದರೆ ನನ್ನನ್ನು ಸಂಜೆಯೊಳಗೆ ಜೈಲಿಗೆ ಕಳಿಸುತ್ತೀರಿ. ಲಕ್ಷಾಂತರ ಮಕ್ಕಳು ಇಳಿದಿರುವ ಆ ಆಟಕ್ಕೆ ಒಂದು ಕುರ್ಚಿಯಾದರೂ ಹಾಕಿಸಿದ್ದೀರಾ? ಹೋಗಲಿ, ಖಾಲಿ ಕುರ್ಚಿಯನ್ನಾದರೂ?

ಮಕ್ಕಳೇ ವಯಸ್ಸಿನ ವಿಚಾರದಲ್ಲಿ ಸುಳ್ಳು ಹೇಳುತ್ತಾರೆ, ಕಂಪನಿ ಏನು ಮಾಡಲಾದೀತು ಎಂದು ನಿಮ್ಮ ಪುಸ್ತಕ ಕೈ ತೊಳೆದುಕೊಂಡಿದೆ. ಹೌದು ಸ್ವಾಮಿ, ಹೇಳುತ್ತಾರೆ. ‘ನಂಗೆ ಈಜು ಬರುತ್ತೆ ಮಿಸ್’ ಎನ್ನದ ಮಗುವನ್ನು ನಾನು ಇನ್ನೂ ಕಂಡಿಲ್ಲ. ಅದಕ್ಕೇ ಎಲ್ಲರನ್ನೂ ಮೊದಲು ಸೊಂಟದ ಮಟ್ಟದ ನೀರಿಗೆ ಇಳಿಸಿ ನೋಡುತ್ತೇವೆ. ಚಿಕ್ಕಿಗೆ ಯಾವ ಬಣ್ಣದ ಟೋಪಿ ಇಷ್ಟ, ಯಾವ ಹೊತ್ತಿಗೆ ಆಸೆ ತೋರಿಸಿದರೆ ಕೊಳ್ಳುತ್ತಾಳೆ ಎಂಬುದೆಲ್ಲ ಆ ಕಂಪನಿಗೆ ಕರತಲಾಮಲಕ. ದಿನವೆಲ್ಲ ಸಣ್ಣ ಹುಡುಗಿಯರನ್ನೇ ಹುಡುಕಿ ಹುಡುಕಿ ಕೋಣೆ ಕಟ್ಟಿಸುವವನು ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ!

ಈಗ ನಾನು ಈ ಪತ್ರ ಬರೆಯಲೇಬೇಕಾಗಿ ಬಂದ ಸಂಗತಿಗೆ ಬರುತ್ತೇನೆ. ಹತ್ತು ದಿನದ ಹಿಂದೆ ಚಿಕ್ಕಿ ತಾನು ಕಟ್ಟಿದ ಸೇತುವೆಯನ್ನು ಕೊನೆಯ ಸಲ ನೋಡಬೇಕೆಂದಳು. ಬೇಡ ಎಂದೆ. “ನಾನು ಪಕ್ಕದಲ್ಲೇ ಕೂತಿರ್ತೀನಿ, ನೋಡ್ಲಿ ಬಿಡು,” ಎಂದರು ಅತ್ತೆ. ಸೇತುವೆಯ ಆಚೆ ಕ್ಯಾಪ್ಟನ್ ನಿಂತಿದ್ದ. ಪಕ್ಕದಲ್ಲಿ ‘ನೀಲಿ ಆಮೆ’ ಎಂಬ ಹೊಸ ಆಟಗಾರ್ತಿ. ಹಲ್ಲು ಬಿದ್ದಿದೆ, ಸ್ಕೂಲಿಗೆ ರಜ ಹಾಕಿದ್ದೇನೆ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದುಕೊಂಡಿತ್ತು ಆ ಕೂಸು. ಅವನು ಅದಕ್ಕೆ ಗೋಡೆ ಕಟ್ಟುವುದು ಹೇಳಿಕೊಡುತ್ತಿದ್ದ. ಅದೇ ಮಾತು, ಅದೇ ಟೋಪಿ. ಚಿಕ್ಕಿ ಒಂದು ಕ್ಷಣವೂ ಯೋಚಿಸಲಿಲ್ಲ. ‘ಅವನ ಜೊತೆ ಹೋಗ್ಬೇಡ, ಅವನು ದೊಡ್ಡವನು, ಅಮ್ಮಂಗೆ ಹೇಳು’ ಎಂದು ಬರೆದಳು. ಮತ್ತೆ ಮತ್ತೆ ಬರೆದಳು. ಕ್ಯಾಪ್ಟನ್ ದೂರಿನ ಗುಂಡಿ ಒತ್ತಿದ. ಸಹ ಆಟಗಾರನಿಗೆ ಕಿರುಕುಳ ಕೊಟ್ಟ ಅಪರಾಧಕ್ಕಾಗಿ ನನ್ನ ಮಗಳ ಖಾತೆಯನ್ನು ಆ ಕ್ಷಣವೇ ರದ್ದು ಮಾಡಿದರು.

ಅಂದರೆ ಆ ಗುಂಡಿ ಕೆಲಸ ಮಾಡುತ್ತದೆ! ಒತ್ತುವ ಬೆರಳು ಯಾರದ್ದು ಎಂಬುದಷ್ಟೇ ಪ್ರಶ್ನೆ. ನೀವು ಮುದ್ರೆ ಒತ್ತಿದ ಆಟದಲ್ಲಿ ಮಗುವನ್ನು ಎಚ್ಚರಿಸುವುದು ಅಪರಾಧ. ನನ್ನ ಮಗಳು ಆ ಅಪರಾಧ ಮಾಡಿದ್ದಾಳೆ. ನನಗೆ ಅವಳ ಬಗ್ಗೆ ಹೆಮ್ಮೆ ಇದೆ, ಬೇಕಾದರೆ ಅದನ್ನೂ ನಿಯಮ ಉಲ್ಲಂಘನೆ ಎಂದು ಬರೆದುಕೊಳ್ಳಿ.

ಆದ್ದರಿಂದ ಮಾನ್ಯರೇ, ಇದು ವಿನಂತಿ ಅಲ್ಲ. ಗುರುತಿಲ್ಲದವರು ಮಕ್ಕಳ ಜೊತೆ ಗುಟ್ಟಾಗಿ ಮಾತಾಡುವ ಕೋಣೆಗಳನ್ನು ಮುಚ್ಚಿಸಿ. ಮುಚ್ಚುವವರೆಗೆ ಆ ಆಟದ ಮೇಲಿನ ನಿಮ್ಮ ಮುದ್ರೆಯನ್ನು ಅಳಿಸಿ. ಮಗುವೊಂದರ ದೂರನ್ನು ಯಂತ್ರವಲ್ಲ, ಮನುಷ್ಯರು ಓದಲಿ, ಮತ್ತು ಓದಿದವರ ಹೆಸರು ನಮಗೆ ಗೊತ್ತಿರಲಿ. ಇದಕ್ಕೆಲ್ಲ ಸಮಿತಿ ಬೇಕು, ಸಭೆ ಬೇಕು ಎನ್ನುತ್ತೀರಿ. ಮಾಡಿಕೊಳ್ಳಿ, ಬಾಗಿಲ ಬಳಿ ನಾನು ಕಾಯುತ್ತೇನೆ. ಆದರೆ ಒಂದು ಕೆಲಸಕ್ಕೆ ಸಮಿತಿ ಬೇಡ. ಆ ನೀಲಿ ಆಮೆ ಯಾವ ಊರಿನ, ಯಾರ ಮನೆಯ ಮಗು ಎಂದು ತಿಳಿಯಲು ನನಗೆ ದಾರಿಯೇ ಇಲ್ಲ. ಕಂಪನಿಗೆ ಗೊತ್ತಿದೆ. ಅದನ್ನು ಕೇಳಿ ಪಡೆಯುವ ಅಧಿಕಾರ ನಿಮಗೊಬ್ಬರಿಗೇ ಇರುವುದು. ಕೇಳಿ. ನಾಳೆ ಅಲ್ಲ, ಈ ಹಾಳೆಯನ್ನು ಕೆಳಗಿಟ್ಟ ಕೂಡಲೇ ಕೇಳಿ, ಆ ತಾಯಿಗೆ ಫೋನ್ ಮಾಡಿ. ಚಿಕ್ಕಿ ದಿನಾ ಕೊಳದಿಂದ ಎದ್ದು ಬಂದು ತಲೆ ಒರೆಸಿಕೊಳ್ಳುತ್ತ ನನ್ನನ್ನು ಒಂದೇ ಮಾತು ಕೇಳುತ್ತಾಳೆ: “ಅವಳ ಅಮ್ಮಂಗೆ ಹೇಳಿದ್ರಾ?”

ಇಂತಿ,
ಇನ್ನೂ ‘ಇಲ್ಲ’ ಎಂದೇ ಹೇಳುತ್ತಿರುವ
ಚಿಕ್ಕಿಯ ಅಮ್ಮ